ಪ್ರೊಪೆಲ್ಲರ್ ಬಿಚ್ಚುವ ಮೊದಲು ಇಂಜಿನ್ ರೂಮಿಗೆ ಇಳಿಯಿರಿ

ಪ್ರಶ್ನೆ: ನಮ್ಮದು 12 ಮೀಟರ್ ಉದ್ದದ ಬೋಟು, ಎರಡು ಡೀಸೆಲ್ ಇಂಜಿನ್. ಕಂಪನಿಯ ಪುಸ್ತಕದ ಪ್ರಕಾರ ಫುಲ್ ಥ್ರಾಟಲ್‌ನಲ್ಲಿ 2800 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು) ಬರಬೇಕು. ಮೊದಲ ಮೂರು ವರ್ಷ ಬರುತ್ತಲೂ ಇತ್ತು. ಈಗ ಎಡಗಡೆಯ ಇಂಜಿನ್ 2520ಕ್ಕೆ, ಬಲಗಡೆಯದು 2440ಕ್ಕೆ ನಿಂತುಬಿಡುತ್ತದೆ. ಗೇರ್‌ಬಾಕ್ಸ್ 2:1. ಪ್ರೊಪೆಲ್ಲರ್ 24 ಇಂಚು ವ್ಯಾಸ, 26 ಇಂಚು ಪಿಚ್, ನಾಲ್ಕು ರೆಕ್ಕೆ. ಜಿಪಿಎಸ್‌ನಲ್ಲಿ ವೇಗ 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.). ಕಳೆದ ವರ್ಷ ತೇಲುವ ದಿಮ್ಮಿಗೆ ಬಡಿದು ಬಲಗಡೆಯ ಪ್ರೊಪೆಲ್ಲರ್ ಬಗ್ಗಿತ್ತು, ರಿಪೇರಿ ಮಾಡಿಸಿದ್ದೇವೆ. ಒಬ್ಬ ಮೆಕ್ಯಾನಿಕ್ ಎರಡರಲ್ಲೂ 3 ಇಂಚು ಪಿಚ್ ತೆಗೆಸಿ ಅಂತಾರೆ. ಇನ್ನೊಬ್ಬರು ಇಂಜಿನ್‌ಗೆ ವಯಸ್ಸಾಯ್ತು ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಒಂದೇ ಸಾಲಿನ ಮೇಲೆ. ‘ಮೊದಲ ಮೂರು ವರ್ಷ ಬರುತ್ತಲೂ ಇತ್ತು.’ ಅಂದರೆ ಇದೇ ಬೋಟು, ಇದೇ ಗೇರು, ಇದೇ ಪ್ರೊಪೆಲ್ಲರ್ ಇಟ್ಟುಕೊಂಡು ಇಂಜಿನ್ 2800 ಮುಟ್ಟಿದೆ. ಪ್ರೊಪೆಲ್ಲರ್‌ನ ಪಿಚ್, ಅಂದರೆ ಜಾರದೆ ಒಂದು ಸುತ್ತು ತಿರುಗಿದರೆ ಅದು ಮುಂದೆ ಸಾಗುವ ದೂರ, ತಾನಾಗಿ ಬೆಳೆಯುವ ವಸ್ತುವಲ್ಲ. ಹಾಗಾದರೆ ಬೇರೆ ಏನೋ ಬದಲಾಗಿದೆ. ಏನು ಬದಲಾಯ್ತು ಅಂತ ಗೊತ್ತಾಗುವ ತನಕ ಲೋಹಕ್ಕೆ ಕೈ ಹಾಕಬೇಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದ್ದೇ ಅವಳಿ ಇಂಜಿನ್ ಬೋಟು ನನ್ನ ಕೈಗೆ ಬಂದಿತ್ತು. ಆರ್‌ಪಿಎಂ ಕಡಿಮೆ ಇದೆ ಅಂದರು. ನಾನು ಎರಡೂ ಪ್ರೊಪೆಲ್ಲರ್‌ನಿಂದ 2 ಇಂಚು ಪಿಚ್ ತೆಗೆಸಿದೆ. ಆರ್‌ಪಿಎಂ ಮುಳ್ಳು ಮೇಲೆ ಹೋಯಿತು, ಎಲ್ಲರಿಗೂ ಖುಷಿ. ವರ್ಷದ ನಂತರ ಯಾರೋ ಡೀಸೆಲ್ ಪೈಪು ಬದಲಿಸಿದರು. ಹಳೆಯ ಪೈಪನ್ನು ಸೀಳಿ ನೋಡಿದರೆ ಒಳಗಿನ ಪದರ ಕಳಚಿ ನಾಲಿಗೆಯ ಹಾಗೆ ಮಡಚಿಕೊಂಡಿತ್ತು. ಡೀಸೆಲ್ ಎಳೆದಾಗೆಲ್ಲ ಅದೇ ಬಾಗಿಲು ಮುಚ್ಚುತ್ತಿತ್ತು. ಪೈಪು ಸರಿಯಾದ ಮೇಲೆ ಇಂಜಿನ್‌ಗಳು ಹಗುರ ಪ್ರೊಪೆಲ್ಲರ್‌ ತಿರುಗಿಸುತ್ತಾ ಗವರ್ನರ್ (ಇಂಜಿನ್ ವೇಗ ಮೀರದಂತೆ ತಡೆಯುವ ಸಾಧನ) ಮಿತಿಗೆ ಹೋಗಿ ಬಡಿದವು. ಬೋಟಿನ ವೇಗ ಮಾತ್ರ ಮೊದಲಿಗಿಂತ ಕಮ್ಮಿ. ಪಿಚ್ ಮತ್ತೆ ಹಾಕಿಸಬೇಕಾಯಿತು. ಆ ಮಾಲೀಕರು ಎರಡು ಸಲ ಬೋಟು ಮೇಲೆತ್ತಿದ್ದು ನನ್ನ ಅವಸರದಿಂದ.

ಹಾಗಂತ ನಿಮ್ಮ ಸಮಸ್ಯೆ ಸಣ್ಣದಲ್ಲ. ಪ್ರೊಪೆಲ್ಲರ್‌ ಕೇಳುವ ಶಕ್ತಿ ಹೆಚ್ಚುಕಮ್ಮಿ ಆರ್‌ಪಿಎಂನ ಘನದ ಲೆಕ್ಕದಲ್ಲಿ ಏರುತ್ತದೆ. 2800 ಮುಟ್ಟುವ ಇಂಜಿನ್ 2200ರಲ್ಲಿ ಓಡುವಾಗ ಅದರ ಮೇಲಿನ ಹೊರೆ ಅರ್ಧದ ಹತ್ತಿರ, ಶೇಕಡ 48ರಷ್ಟು. 2480ಕ್ಕೇ (ನಿಮ್ಮ ಎರಡರ ಸರಾಸರಿ) ಉಸಿರು ಕಟ್ಟುವ ಇಂಜಿನ್ ಅದೇ 2200ರಲ್ಲಿ ಓಡಿದರೆ ಹೊರೆ ಶೇಕಡ 70. ನೀವು ‘ಆರಾಮಾಗಿ ಓಡಿಸ್ತೀನಿ’ ಅಂದುಕೊಂಡಿರುತ್ತೀರಿ. ಇಂಜಿನ್ ಮಾತ್ರ ಗಂಟೆಗಟ್ಟಲೆ ದಿಬ್ಬ ಹತ್ತುತ್ತಿರುತ್ತದೆ. ಹೊಗೆಯ ಶಾಖ ಏರುತ್ತದೆ, ವಾಲ್ವು ಸುಡುತ್ತದೆ, ಇಂಜಿನ್‌ಗೆ ಗಾಳಿ ತುಂಬುವ ಟರ್ಬೊ ಸೊರಗುತ್ತದೆ. ಇಂಜಿನ್‌ಗೆ ವಯಸ್ಸಾಯ್ತು ಅಂದವರ ಮಾತು ಇವತ್ತು ಸುಳ್ಳಿರಬಹುದು. ಹೀಗೇ ಬಿಟ್ಟರೆ ಅದು ನಿಜವಾಗುತ್ತದೆ.

ಈಗ ಕೆಲಸಕ್ಕೆ ಬರೋಣ. ಮೊದಲು ಆರ್‌ಪಿಎಂ ತೋರಿಸುವ ಟ್ಯಾಕೋಮೀಟರಿನ ಮುಳ್ಳನ್ನೇ ಅನುಮಾನಿಸಿ. ಎಷ್ಟೋ ಬೋಟುಗಳಲ್ಲಿ ಟ್ಯಾಕೋಮೀಟರ್‌ಗೆ ಸಿಗ್ನಲ್ ಬರುವುದು ಆಲ್ಟರ್ನೇಟರ್‌ನಿಂದ. ಬೆಲ್ಟು ಸವೆದು ಜಾರಿದರೆ ಆಲ್ಟರ್ನೇಟರ್‌ ನಿಧಾನ ತಿರುಗುತ್ತದೆ, ಮುಳ್ಳು ಕಡಿಮೆ ತೋರಿಸುತ್ತದೆ. ಇಂಜಿನ್ ಪಾಪ ಸರಿಯಾಗೇ ಓಡುತ್ತಿರುತ್ತದೆ. ಬೆಲ್ಟಿನ ಪಕ್ಕ ಬೆರಳಾಡಿಸಿ ನೋಡಿ. ಗಾಜಿನ ಹಾಗೆ ಹೊಳೆಯುತ್ತಿದ್ದು, ಪುಲ್ಲಿಯ ಸುತ್ತ ಕಪ್ಪು ಪುಡಿ ಉದುರಿದ್ದರೆ ಅದು ಜಾರುತ್ತಿದೆ. ಇನ್ನೂ ಗಟ್ಟಿ ಪುರಾವೆ ಬೇಕಾದರೆ ಕೈಯಲ್ಲಿ ಹಿಡಿಯುವ ಲೇಸರ್ ಟ್ಯಾಕೋಮೀಟರ್ ತನ್ನಿ. ಇಂಜಿನ್ ನಿಲ್ಲಿಸಿ ಕ್ರ್ಯಾಂಕ್ ಪುಲ್ಲಿಯನ್ನು ಒರೆಸಿ, ಹೊಳೆಯುವ ಟೇಪಿನ ಚೂರು ಅಂಟಿಸಿ. ಆಮೇಲೆ ಓಡುವಾಗ ಬೆಳಕು ಬಿಟ್ಟು ಓದಿ. 1000, 1500, 2000, ಕೊನೆಗೆ ಫುಲ್. ನಾಲ್ಕೂ ಕಡೆ ಎರಡೂ ಇಂಜಿನ್‌ನ ಮುಳ್ಳಿನ ಅಂಕಿ, ಲೇಸರಿನ ಅಂಕಿ ಬರೆದಿಡಿ. ಪುಲ್ಲಿಯ ಹತ್ತಿರ ಸಡಿಲ ಬಟ್ಟೆ, ಉದ್ದ ತೋಳು ಬೇಡವೇ ಬೇಡ.

ಅವಳಿ ಬೋಟಿನಲ್ಲಿ ಇನ್ನೊಂದು ತೊಡಕಿದೆ. ಸಿಂಕ್ರೊನೈಸರ್ ಇದ್ದರೆ ಅದನ್ನು ಆಫ್ ಮಾಡಿಯೇ ಪರೀಕ್ಷೆ ಮಾಡಿ. ಇಲ್ಲದಿದ್ದರೆ ಒಂದು ಇಂಜಿನ್ ಇನ್ನೊಂದರ ವೇಗಕ್ಕೆ ಹೊಂದಿಕೊಂಡು ಓಡುತ್ತದೆ. ಕುಂಟುತ್ತಿರುವುದು ಯಾವುದು, ಕಾಯುತ್ತಿರುವುದು ಯಾವುದು ಅಂತ ತಿಳಿಯುವುದೇ ಇಲ್ಲ.

ಅಂಕಿ ನಿಜ ಅಂತಾದರೆ ಥ್ರಾಟಲ್ ನೋಡಿ. ಇಂಜಿನ್ ನಿಲ್ಲಿಸಿ, ಮೇಲೆ ಒಬ್ಬರು ಲಿವರನ್ನು ಪೂರ್ತಿ ಮುಂದೆ ತಳ್ಳಲಿ. ನೀವು ಕೆಳಗೆ ಇಂಜಿನ್ ಪಕ್ಕ ಕೂತು ಟಾರ್ಚ್ ಬಿಡಿ. ಡೀಸೆಲ್ ಪಂಪಿನ ಮೇಲಿನ ಪುಟ್ಟ ಕೈ ಹೋಗಿ ಸ್ಟಾಪ್ ಬೋಲ್ಟಿಗೆ ತಾಗಬೇಕು. ತಾಗದೆ ನಡುವೆ ಒಂದು ನಾಣ್ಯ ತೂರುವಷ್ಟು ಜಾಗ ಉಳಿದರೂ ನೀವು ಕೊಡುತ್ತಿರುವುದು ಫುಲ್ ಥ್ರಾಟಲ್ ಅಲ್ಲ. ಸಾಮಾನ್ಯವಾಗಿ ಕೇಬಲ್ ಹಿಗ್ಗಿರುವುದಿಲ್ಲ. ಹೊರ ಕವಚವನ್ನು ಹಿಡಿದಿರುವ ಕ್ಲಾಂಪಿನ ಸ್ಕ್ರೂ ಸಡಿಲವಾಗಿರುತ್ತದೆ. ಕೇಬಲ್ ಎಳೆದಾಗ ಕವಚವೂ ಜೊತೆಗೆ ಸರಿದು ಒಂದೆರಡು ಮಿಲಿಮೀಟರ್ ನುಂಗಿಬಿಡುತ್ತದೆ. ಲಿವರ್ ತಳ್ಳುವಾಗ ಕವಚದ ಮೇಲೆ ಬೆರಳಿಟ್ಟರೆ ಸಾಕು, ಆ ಸರಿದಾಟ ಬೆರಳಿಗೇ ಗೊತ್ತಾಗುತ್ತದೆ. ಎಲೆಕ್ಟ್ರಾನಿಕ್ ಇಂಜಿನ್ ಆದರೆ ಸ್ಕ್ರೀನಿನಲ್ಲಿ ಥ್ರಾಟಲ್ ಶೇಕಡ 100 ಅಂತ ಬರುತ್ತದಾ ನೋಡಿ.

ಆಮೇಲೆ ಇಂಜಿನ್ ಬಿಸಿಯಾದ ಮೇಲೆ, ಗೇರ್ ಹಾಕದೆ, ಕೆಲವೇ ಸೆಕೆಂಡು ಫುಲ್ ಕೊಡಿ. ಮೆಕ್ಯಾನಿಕಲ್ ಗವರ್ನರ್ ಇರುವ ಆರೋಗ್ಯವಂತ ಡೀಸೆಲ್ 2800 ದಾಟಿ ಸ್ವಲ್ಪ ಮೇಲೆ ಹೋಗಿ ನಿಲ್ಲಬೇಕು. ಹೊರೆಯೇ ಇಲ್ಲದಾಗಲೂ ಏರದಿದ್ದರೆ ತೊಂದರೆ ಪ್ರೊಪೆಲ್ಲರಿನದ್ದಲ್ಲ ಅಂತ ಅಲ್ಲೇ ತೀರ್ಮಾನ. ಆದರೆ ಏರಿದರೆ ಇಂಜಿನ್ ಚೆನ್ನಾಗಿದೆ ಅಂತಲೂ ಅಲ್ಲ. ಹೊರೆಯಿಲ್ಲದೆ ತಿರುಗಲು ಡೀಸೆಲ್ ಸ್ವಲ್ಪವೇ ಸಾಕು, ಅರ್ಧ ಕಟ್ಟಿದ ಫಿಲ್ಟರಿನಲ್ಲೂ ಅಷ್ಟು ಹರಿಯುತ್ತದೆ.

ಇಲ್ಲಿಂದ ಮುಂದೆ ನೀವು ಅದೃಷ್ಟವಂತರು. ಒಂಟಿ ಇಂಜಿನ್ ಬೋಟಿನವರಿಗೆ ಹೋಲಿಸಲು ಏನೂ ಇರುವುದಿಲ್ಲ. ನಿಮ್ಮ ಹತ್ತಿರ ಅದೇ ಮಾದರಿಯ, ಅಷ್ಟೇ ಗಂಟೆ ಓಡಿದ ಇನ್ನೊಂದು ಇಂಜಿನ್ ಪಕ್ಕದಲ್ಲೇ ಇದೆ. ಎಡಗಡೆಯಲ್ಲಿ ಓದಿದ ಪ್ರತಿ ಅಂಕಿಯನ್ನೂ ಬಲಗಡೆಯಲ್ಲೂ ಓದಿ. ಡೀಸೆಲ್ ಫಿಲ್ಟರಿನ ಮೇಲೆ ವ್ಯಾಕ್ಯೂಮ್ ಗೇಜ್ ಹಾಕಿ, ಫುಲ್ ಓಟದಲ್ಲಿ ಎರಡನ್ನೂ ಹೋಲಿಸಿ. ಒಂದರಲ್ಲಿ ಎಳೆತ ಜಾಸ್ತಿ ಇದ್ದರೆ ಆ ಕಡೆ ಫಿಲ್ಟರು, ಪೈಪು, ಟ್ಯಾಂಕಿನೊಳಗಿನ ಜಾಲರಿ ಅಥವಾ ಟ್ಯಾಂಕಿನ ಗಾಳಿಕೊಳವೆ ಕಟ್ಟಿದೆ. ಟ್ಯಾಂಕುಗಳ ನಡುವೆ ವಾಲ್ವು ಇದ್ದರೆ ಬಲಗಡೆಯ ಇಂಜಿನ್‌ಗೆ ಎಡಗಡೆಯ ಟ್ಯಾಂಕಿನಿಂದ ಡೀಸೆಲ್ ಕೊಟ್ಟು ನೋಡಿ. ಆಗ ಬಲಗಡೆಯದು ಸರಿಯಾಗಿ ಓಡಿದರೆ ಕಳ್ಳ ಸಿಕ್ಕ ಹಾಗೆಯೇ.

ಗಾಳಿಯದ್ದು ಸುಲಭ. ಫುಲ್ ಓಟದಲ್ಲಿ ಇಂಜಿನ್ ರೂಮಿನ ಮುಚ್ಚಳವನ್ನು ಒಬ್ಬರು ಗಟ್ಟಿಯಾಗಿ ಹಿಡಿದು ಸ್ವಲ್ಪ ಎತ್ತಲಿ. ಆರ್‌ಪಿಎಂ ಏರಿತಾ? ಹಾಗಾದರೆ ಎರಡೂ ಇಂಜಿನ್ ಉಸಿರಿಗೆ ಒದ್ದಾಡುತ್ತಿವೆ. ಶಬ್ದ ಕಡಿಮೆ ಮಾಡಲು ಸ್ಪಂಜು ಹಾಕಿಸಿದವರು ಗಾಳಿಯ ದಾರಿಯನ್ನೇ ಮುಚ್ಚಿಟ್ಟಿದ್ದನ್ನು ನಾನು ಕಂಡಿದ್ದೇನೆ.

ಇನ್ನು ನಿಮ್ಮ ಕೇಸಿನ ಮುಖ್ಯ ಪರೀಕ್ಷೆ. ಬಲಗಡೆಯದು ಎಡಗಡೆಗಿಂತ 80 ಕಡಿಮೆ. ಆ ಕಡೆಯ ಪ್ರೊಪೆಲ್ಲರೇ ರಿಪೇರಿ ಆಗಿ ಬಂದದ್ದು. ತಪ್ಪು ಇಂಜಿನಿನದ್ದೋ ಪ್ರೊಪೆಲ್ಲರಿನದ್ದೋ? ಟರ್ಬೊದ ಬೂಸ್ಟ್, ಅಂದರೆ ಅದು ತುಂಬುವ ಗಾಳಿಯ ಒತ್ತಡ, ಓದಿ. ಬಲಗಡೆ ಬೂಸ್ಟ್ ಎಡಗಡೆಯಷ್ಟೇ ಇದ್ದು ಆರ್‌ಪಿಎಂ ಮಾತ್ರ ಕಡಿಮೆ ಅಂದರೆ ಇಂಜಿನ್ ತನ್ನ ಪಾಲಿನ ಶಕ್ತಿ ಪೂರ್ತಿ ಕೊಡುತ್ತಿದೆ, ಹೊರೆ ಜಾಸ್ತಿ. ಹಿಂಬದಿಯ ಹಲಗೆಯ ಮೇಲೂ ಆ ಕಡೆ ಕಪ್ಪು ಮಸಿ ಹೆಚ್ಚು ಕೂತಿರುತ್ತದೆ. ಬೂಸ್ಟ್ ಕಡಿಮೆ, ಹೊಗೆಯೂ ಇಲ್ಲ ಅಂದರೆ ಇಂಜಿನ್‌ಗೆ ಡೀಸೆಲ್ ಸಾಲುತ್ತಿಲ್ಲ. ಬೂಸ್ಟ್ ಕಡಿಮೆ, ಕಪ್ಪು ಹೊಗೆ ಇದೆ ಅಂದರೆ ಗಾಳಿ ಸಾಲುತ್ತಿಲ್ಲ. ಏರ್ ಫಿಲ್ಟರ್, ಟರ್ಬೊ, ಅದರ ಗಾಳಿಯನ್ನು ತಣ್ಣಗಾಗಿಸುವ ಆಫ್ಟರ್‌ಕೂಲರ್, ಹೊಗೆ ಹೋಗುವ ಕೊಳವೆ ನೋಡಿ. ಹೊಗೆಯ ರಬ್ಬರ್ ಕೊಳವೆ ಹೊರಗಿನಿಂದ ಹೊಸದರ ಹಾಗೆ ಕಂಡರೂ ಒಳಗೆ ಉಬ್ಬಿ ಅರ್ಧ ಮುಚ್ಚಿರಬಹುದು. ಬಿಚ್ಚಿ ಕೈ ಹಾಕಿಯೇ ನೋಡಬೇಕು.

ಒಂದು ಮಾತು ನೆನಪಿರಲಿ. ಎರಡೂ ಇಂಜಿನ್ ಕಡಿಮೆ ಓಡುತ್ತಿವೆ ಅಂದ ಮಾತ್ರಕ್ಕೆ ಎರಡಕ್ಕೂ ಕಾಯಿಲೆ ಅಂತಲ್ಲ. ಬಲಗಡೆಯದು ಸೋತರೆ ಬೋಟಿನ ವೇಗ ಬೀಳುತ್ತದೆ. ವೇಗ ಬಿದ್ದರೆ ಎಡಗಡೆಯ ರೆಕ್ಕೆಗಳಿಗೆ ನೀರು ನಿಧಾನವಾಗಿ ಬರುತ್ತದೆ. ರೆಕ್ಕೆ ನೀರನ್ನು ಹೆಚ್ಚು ಓರೆಯಾಗಿ ಕಚ್ಚುತ್ತದೆ, ಹೊರೆ ಏರುತ್ತದೆ. ಹೀಗೆ ಗಟ್ಟಿಮುಟ್ಟಾದ ಎಡಗಡೆಯದೂ ನೂರಿನ್ನೂರು ಆರ್‌ಪಿಎಂ ಕಳೆದುಕೊಳ್ಳುತ್ತದೆ. ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತಿನಲ್ಲಿ ಒಂದು ಕುಂಟಿದರೆ ಇನ್ನೊಂದರ ಹೆಗಲೂ ನೋಯುತ್ತದೆ ಅಲ್ವಾ, ಹಾಗೆ. ಆದ್ದರಿಂದ ಕಡಿಮೆ ಇರುವುದನ್ನು ಮೊದಲು ಸರಿಮಾಡಿ. ಇನ್ನೊಂದು ತಾನಾಗಿ ಎಷ್ಟು ಏರುತ್ತದೆ ನೋಡಿ.

ಬೋಟಿನ ತಳ, ತೂಕ ಇವುಗಳನ್ನೂ ಮರೆಯಬೇಡಿ. ತಳ ನುಣ್ಣಗಿದ್ದು ರೆಕ್ಕೆಗಳ ಮೇಲೆ ಮಾತ್ರ ಬಾರ್ನಕಲ್ ಚಿಪ್ಪು ಕೂತಿದ್ದರೂ ನೂರಾರು ಆರ್‌ಪಿಎಂ ಹೋಗುತ್ತದೆ. ಆ ಮೂರು ವರ್ಷದ ನಂತರ ಬೋಟಿಗೆ ಏನೇನು ಸೇರಿಸಿದಿರಿ? ಜನರೇಟರ್, ಹೆಚ್ಚಿನ ಬ್ಯಾಟರಿ, ಮೇಲ್ಛಾವಣಿ, ದೊಡ್ಡ ನೀರಿನ ಟ್ಯಾಂಕು? 1000 ಲೀಟರ್ ನೀರು ಅಂದರೆ ಒಂದು ಟನ್. ಈ ತೂಕ ಇನ್ನು ಇಳಿಯುವುದಿಲ್ಲ ಅಂತಾದರೆ ಆಗ ಪಿಚ್ ಕಡಿಮೆ ಮಾಡುವುದು ನ್ಯಾಯ.

ಪರೀಕ್ಷೆಯ ದಿನ ನೀರು ಶಾಂತವಾಗಿರಲಿ, ಆಳವಾಗಿರಲಿ. ಯಾವಾಗಲೂ ಇರುವಷ್ಟೇ ಜನ, ಸಾಮಾನು, ಡೀಸೆಲ್ ಇರಲಿ. ಒಂದೇ ಗೆರೆಯಲ್ಲಿ ಹೋಗಿ ಬಂದು ಎರಡೂ ವೇಗದ ಸರಾಸರಿ ತೆಗೆಯಿರಿ. ಇಲ್ಲದಿದ್ದರೆ ಅಳೆದದ್ದು ಬೋಟಿನ ವೇಗವೋ ನೀರಿನ ಸೆಳೆತವೋ ತಿಳಿಯುವುದಿಲ್ಲ.

ಇಷ್ಟೆಲ್ಲ ಆದ ಮೇಲೂ ಕೊರತೆ ಉಳಿದರೆ ಪ್ರೊಪೆಲ್ಲರ್ ಲೆಕ್ಕ. ಶಾಫ್ಟಿನ ಆರ್‌ಪಿಎಂ ಅನ್ನು ಪಿಚ್ ಇಂಚಿನಿಂದ ಗುಣಿಸಿ 1215ರಿಂದ ಭಾಗಿಸಿ. ಜಾರದೆ ಹೋದರೆ ಎಷ್ಟು ನಾಟ್ ಅಂತ ಸಿಗುತ್ತದೆ. ನಿಮ್ಮ ಸರಾಸರಿ 2480, ಗೇರ್ 2:1, ಶಾಫ್ಟು 1240. 26ರಿಂದ ಗುಣಿಸಿ ಭಾಗಿಸಿದರೆ 26.5 ನಾಟ್. ನಿಜವಾದ ವೇಗ 20. ಜಾರಿಕೆ ಶೇಕಡ 25ರ ಹತ್ತಿರ. ಇಂಥ ಬೋಟಿಗೆ ಇದು ಮಾಮೂಲಿ. ಅಂದರೆ ರೆಕ್ಕೆ ನೀರನ್ನು ಚೆನ್ನಾಗಿಯೇ ಹಿಡಿದಿದೆ, ಸುಮ್ನೆ ನೊರೆ ಎಬ್ಬಿಸುತ್ತಿಲ್ಲ. ಒಂದು ಎಚ್ಚರಿಕೆ: 26 ಅನ್ನುವುದು ನಡುಗುಂಬದ ಮೇಲೆ ಕೊರೆದ ಅಂಕಿ. ರಿಪೇರಿಯಾದ ಪ್ರೊಪೆಲ್ಲರ್‌ನಲ್ಲಿ ಆ ಅಂಕಿಯನ್ನು ನಾನು ನಂಬುವುದಿಲ್ಲ. ಒಂದು ರೆಕ್ಕೆ 27, ಇನ್ನೊಂದು 25 ಇರಬಹುದು. ರೆಕ್ಕೆಯ ಹಿಂದಿನ ಅಂಚನ್ನು ಸ್ವಲ್ಪ ಬಾಗಿಸುವ ‘ಕಪ್’ ಜಾಸ್ತಿಯಾಗಿದ್ದರೆ ಅದೂ ಸುಮಾರು ಒಂದು ಇಂಚು ಪಿಚ್ ಸೇರಿಸಿದಂತೆ.

ಹಾಗಾಗಿ ಬೋಟು ಮೇಲೆತ್ತಿದಾಗ ಎರಡನ್ನೂ ಬಿಚ್ಚಿ ಸ್ಕ್ಯಾನ್ ಮಾಡಿಸಿ. ಪ್ರತಿ ರೆಕ್ಕೆಯನ್ನೂ ನಡುವಿನಿಂದ ತುದಿಯ ತನಕ ಹಲವು ಕಡೆ ಅಳೆದ ಕಾಗದ ಕೈಗೆ ಕೊಡಲಿ. ಐಎಸ್‌ಒ 484 ಅನ್ನುವ ಮಾನದಂಡದಲ್ಲಿ ಎಸ್, 1, 2, 3 ಅಂತ ನಾಲ್ಕು ದರ್ಜೆ ಇವೆ. ಎಸ್ ಎಲ್ಲಕ್ಕಿಂತ ಬಿಗಿ. ನಿಮ್ಮಂಥ ಬೋಟಿಗೆ ಒಂದನೇ ದರ್ಜೆ ಕೇಳಿ. ಎಡ ಬಲ ಎರಡೂ ಒಂದೇ ಅಳತೆಗೆ ಬರಲಿ.

3 ಇಂಚಿನ ಸಲಹೆಯ ಬಗ್ಗೆ ಹೇಳುವುದಾದರೆ, ಅಂದಾಜು ಲೆಕ್ಕ ಹೀಗಿದೆ. ಒಂದು ಇಂಚು ಪಿಚ್ ಇಳಿಸಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ. 3 ಇಂಚು ತೆಗೆದರೆ 450ರಿಂದ 600. 2800 ಮುಟ್ಟಲು ನಿಮಗೆ ಬೇಕಾದದ್ದು ಹೆಚ್ಚೆಂದರೆ 360. ಬೇರೆ ಏನೂ ತಪ್ಪು ಸಿಗದಿದ್ದರೂ 2 ಇಂಚು ಸಾಕು. ತಳ ತಿಕ್ಕಿ, ಫಿಲ್ಟರ್ ಬದಲಿಸಿ, ರಿಪೇರಿ ಪ್ರೊಪೆಲ್ಲರ್ ಸರಿಮಾಡಿದ ಮೇಲೆ ಬಹುಶಃ ಒಂದು ಇಂಚೇ ಸಾಕಾಗಬಹುದು, ಅಥವಾ ಏನೂ ಬೇಡವಾಗಬಹುದು. ತುಂಬಿದ ಬೋಟಿನಲ್ಲಿ 2820ರಿಂದ 2850ರ ನಡುವೆ ಬಂದರೆ ನಾನು ಸಮಾಧಾನದಿಂದ ಮನೆಗೆ ಹೋಗುತ್ತೇನೆ. ಯಾರಾದರೂ ವ್ಯಾಸ ಕತ್ತರಿಸೋಣ ಅಂದರೆ ದಯವಿಟ್ಟು ತಡೆಯಿರಿ. ಒಂದು ಇಂಚು ವ್ಯಾಸ ಎರಡು ಮೂರು ಇಂಚು ಪಿಚ್‌ಗೆ ಸಮ. ರೆಕ್ಕೆಯ ಅಗಲವೂ ಹೋಗುತ್ತದೆ. ಪಿಚ್ ಮತ್ತೆ ಬಾಗಿಸಬಹುದು, ಕತ್ತರಿಸಿದ ತುದಿ ವಾಪಸ್ ಬರುವುದಿಲ್ಲ.

ಪ್ರಶ್ನೆ: ನಮ್ಮ ಅವಳಿ ಡೀಸೆಲ್ ಬೋಟನ್ನು ಒಂದೇ ಇಂಜಿನ್‌ನಲ್ಲಿ ಓಡಿಸಿ ನೋಡಿದೆ. ಫುಲ್ ಕೊಟ್ಟರೂ 1700 ದಾಟಲ್ಲ, ಕಪ್ಪು ಹೊಗೆ ಬರುತ್ತದೆ. ಇನ್ನೊಂದರಲ್ಲೂ ಹಾಗೇ. ಎರಡೂ ಸೇರಿ ಓಡುವಾಗ ಆರ್‌ಪಿಎಂ ಸರಿಯಾಗಿದೆ. ಏನಾದರೂ ಕೆಟ್ಟಿದೆಯೇ?

ಉತ್ತರ: ಏನೂ ಕೆಟ್ಟಿಲ್ಲ. ನಿಮ್ಮ ಪ್ರೊಪೆಲ್ಲರಿನ ಪಿಚ್ ಲೆಕ್ಕ ಹಾಕಿರುವುದು ಎರಡೂ ಇಂಜಿನ್ ಸೇರಿ ಬೋಟನ್ನು ನೀರಿನ ಮೇಲೆ ಎಬ್ಬಿಸಿ ಓಡಿಸುವ ವೇಗಕ್ಕೆ. ಒಂದೇ ಇಂಜಿನ್‌ಗೆ ಬೋಟು ಮೇಲೇಳುವುದಿಲ್ಲ. ನಿಧಾನ ನೀರಿನಲ್ಲಿ ದೊಡ್ಡ ಪಿಚ್ ತಿರುಗಿಸಬೇಕು, ಟಾಪ್ ಗೇರಿನಲ್ಲಿ ಘಾಟಿ ಹತ್ತಿದ ಹಾಗೆ. ಎರಡೂ ಕಡೆ ಒಂದೇ ಅಂಕಿ ಬಂದಿರುವುದು ಒಳ್ಳೆಯ ಸುದ್ದಿ, ಎರಡರ ಬಲವೂ ಸಮ ಇದೆ. ಆದರೆ ಈ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬೇಡಿ. ನಿಜವಾಗಿಯೂ ಒಂಟಿ ಇಂಜಿನ್‌ನಲ್ಲಿ ಮನೆ ಸೇರಬೇಕಾಗಿ ಬಂದರೆ, ಥ್ರಾಟಲ್ ಹೆಚ್ಚಿಸಿದರೂ ಆರ್‌ಪಿಎಂ ಏರದ ಜಾಗ ಹುಡುಕಿ, ಅಲ್ಲಿಂದ 200–300 ಕೆಳಗೆ ಇಳಿಸಿ ಹೋಗಿ. ನಿಂತ ಇಂಜಿನ್‌ನ ಶಾಫ್ಟು ನೀರಿನ ರಭಸಕ್ಕೆ ತಿರುಗುತ್ತಿರುತ್ತದೆ. ಇಂಜಿನ್ ನಿಂತಾಗ ಕೆಲವು ಗೇರ್‌ಬಾಕ್ಸುಗಳಿಗೆ ಆಯಿಲ್ ಪಂಪು ಓಡುವುದಿಲ್ಲ, ಒಳಗೆ ಸುಡುತ್ತವೆ. ನಿಮ್ಮ ಗೇರ್‌ಬಾಕ್ಸಿನ ಪುಸ್ತಕದಲ್ಲಿ ಈ ಬಗ್ಗೆ ಏನಿದೆ ಅಂತ ಇವತ್ತೇ ಓದಿಟ್ಟುಕೊಳ್ಳಿ.

ಪ್ರಶ್ನೆ: ಎರಡು ಪೆಟ್ರೋಲ್ ಔಟ್‌ಬೋರ್ಡ್ (ಬೋಟಿನ ಹಿಂದೆ ಹೊರಗೆ ಕೂರುವ) ಮೋಟರ್. 5000ದಿಂದ 6000 ಬರಬೇಕು ಅಂತ ಪುಸ್ತಕ. 19 ಪಿಚ್‌ನಲ್ಲಿ ಎರಡೂ 4900. ಹೊಸ ಬೋಟು, ಮೊದಲಿನಿಂದಲೂ ಹೀಗೇ.

ಉತ್ತರ: ‘ಮೊದಲಿನಿಂದಲೂ’ ಅಂದಿರಿ ನೋಡಿ, ಮೇಲಿನ ಪತ್ರಕ್ಕೂ ನಿಮ್ಮದಕ್ಕೂ ಅದೇ ವ್ಯತ್ಯಾಸ. ಹೊಸ ಇಂಜಿನ್, ಎರಡೂ ಸಮ, ಎಂದೂ ಏರಿಲ್ಲ. ಇಲ್ಲಿ ಮೊದಲ ಅನುಮಾನ ಪಿಚ್ ಮೇಲೇ. ಥ್ರಾಟಲ್ ಪೂರ್ತಿ ತೆರೆಯುತ್ತದಾ ಅಂತ ಒಮ್ಮೆ ನೋಡಿ, ಮೋಟರನ್ನು ಸರಿಯಾದ ಕೋನಕ್ಕೆ ಎತ್ತಿ ಓಡಿಸಿ. ಪೂರ್ತಿ ಒಳಗೆ ಒತ್ತಿಟ್ಟು ಓಡಿಸಿದರೆ ಬೋಟಿನ ಮೂಗು ನೀರಿಗೆ ಒತ್ತಿ ಆರ್‌ಪಿಎಂ ಬೀಳುತ್ತದೆ. ಆಮೇಲೂ 4900 ಅಂದರೆ 16ರ ಜೋಡಿ ತರಿಸಿ. 5350ರಿಂದ 5500ರ ಸುತ್ತ ಬರಬೇಕು. ಯಾವಾಗಲೂ ತುಂಬಾ ಜನರನ್ನು ಹತ್ತಿಸುವವರಾದರೆ 15 ನೋಡಿ. ಒಂದು ಮೋಟರ್ ಎಡಕ್ಕೆ, ಇನ್ನೊಂದು ಬಲಕ್ಕೆ ತಿರುಗುವ ಜೋಡಿ ಆದರೆ ಪ್ರೊಪೆಲ್ಲರೂ ಎಡ ಬಲ ಜೋಡಿಯಾಗಿಯೇ ಬೇಕು. ಎರಡೂ ಒಂದೇ ತಯಾರಕರ ಒಂದೇ ಮಾದರಿ ಇರಲಿ. ಒಬ್ಬರ 16 ಇನ್ನೊಬ್ಬರ 16ಕ್ಕೆ ಸಮ ಇರುವುದಿಲ್ಲ.

ಪ್ರಶ್ನೆ: ರೆಕ್ಕೆಗಳ ಮೇಲೆ ಸಣ್ಣ ಸಣ್ಣ ಗುಳಿ ಬಿದ್ದಿವೆ. ವಿದ್ಯುತ್ ಸೋರಿಕೆಯೋ, ಕ್ಯಾವಿಟೇಶನ್ನೋ?

ಉತ್ತರ: ಗುಳಿ ಎಲ್ಲಿವೆ ಅನ್ನುವುದೇ ಉತ್ತರ. ಪ್ರತಿ ರೆಕ್ಕೆಯಲ್ಲೂ ಒಂದೇ ಜಾಗದಲ್ಲಿ, ಸ್ಪಂಜಿನ ಹಾಗೆ ತರಿತರಿಯಾಗಿ ತಿಂದಿದ್ದರೆ ಕ್ಯಾವಿಟೇಶನ್. ಎಲ್ಲೆಂದರಲ್ಲಿ ಹರಡಿದ್ದು, ಲೋಹ ತನ್ನ ಹಳದಿ ಬಣ್ಣ ಬಿಟ್ಟು ಗುಲಾಬಿಗೆ ತಿರುಗಿದ್ದರೆ ಅದರೊಳಗಿನ ಸತು ಕರಗಿ ಹೋಗುತ್ತಿದೆ. ಲೋಹವನ್ನು ಕಾಪಾಡಲು ಶಾಫ್ಟಿಗೆ ಕಟ್ಟಿದ ಸತುವಿನ ತುಂಡು, ವೈರಿಂಗ್ ಎರಡನ್ನೂ ನೋಡಿಸಿ. ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಒಳ್ಳೆಯ ಕಂಚು ಗಂಟೆಯ ಹಾಗೆ ದನಿ ಕೊಡುತ್ತದೆ. ಸತು ಕಳೆದುಕೊಂಡದ್ದು ಮಂಕಾಗಿ ‘ಟಪ್’ ಅನ್ನುತ್ತದೆ.

ಕ್ಯಾವಿಟೇಶನ್ ಅಂದರೆ ರೆಕ್ಕೆಯ ಬೆನ್ನಿನಲ್ಲಿ ಒತ್ತಡ ಅತಿಯಾಗಿ ಬಿದ್ದು ತಣ್ಣನೆಯ ನೀರೇ ಕುದ್ದು ಗುಳ್ಳೆಯಾಗುವುದು. ಆ ಗುಳ್ಳೆ ಒಡೆಯುವಾಗ ಲೋಹವನ್ನು ಕೆತ್ತುತ್ತದೆ. 1894ರಲ್ಲಿ ಚಾರ್ಲ್ಸ್ ಪಾರ್ಸನ್ಸ್ ಟರ್ಬಿನಿಯಾ ಹಡಗನ್ನು ನೀರಿಗಿಳಿಸಿದಾಗ ಇದೇ ಕಾಟ. ಒಂದೇ ಪ್ರೊಪೆಲ್ಲರನ್ನು ಎಷ್ಟು ಜೋರಾಗಿ ತಿರುಗಿಸಿದರೂ ಹಡಗು 20 ನಾಟ್ ಮುಟ್ಟಲಿಲ್ಲ. ಆತ ಪುಟ್ಟ ನೀರಿನ ತೊಟ್ಟಿಯಲ್ಲಿ ಪ್ರೊಪೆಲ್ಲರ್ ತಿರುಗಿಸಿ ಗುಳ್ಳೆಗಳನ್ನು ಕಣ್ಣಾರೆ ನೋಡಿದ. ಹೊರೆಯನ್ನು ಮೂರು ಶಾಫ್ಟು, ಒಂಬತ್ತು ಪ್ರೊಪೆಲ್ಲರ್‌ಗಳಿಗೆ ಹಂಚಿದ. 1897ರಲ್ಲಿ ಅದೇ ಹಡಗು 34 ನಾಟ್ ಓಡಿತು. ನಿಮಗೂ ಮದ್ದು ಅದೇ ಜಾತಿಯದ್ದು: ರೆಕ್ಕೆಯ ವಿಸ್ತಾರ ಹೆಚ್ಚಿಸಿ ಹೊರೆ ಹಂಚುವುದು, ಅಂದರೆ ಅಗಲ ರೆಕ್ಕೆ ಅಥವಾ ಮೂರರ ಬದಲು ನಾಲ್ಕು ರೆಕ್ಕೆ. ನಾಲ್ಕಕ್ಕೆ ಹೋದರೆ ಪಿಚ್ ಸುಮಾರು ಒಂದು ಇಂಚು ಇಳಿಸಬೇಕಾಗುತ್ತದೆ. ಅದಕ್ಕೂ ಮೊದಲು ರೆಕ್ಕೆಯ ತುದಿಗೂ ಬೋಟಿನ ತಳಕ್ಕೂ ನಡುವೆ ಎಷ್ಟು ಜಾಗ ಇದೆ ಅಳೆಯಿರಿ. ವ್ಯಾಸದ ಶೇಕಡ 15 ಇದ್ದರೆ ಒಳ್ಳೆಯದು. 24 ಇಂಚಿನ ಪ್ರೊಪೆಲ್ಲರ್‌ಗೆ ಸುಮಾರು ಮೂರೂವರೆ ಇಂಚು. ಆ ಅಳತೆ, ಗುಳಿಗಳ ಒಂದೆರಡು ಫೋಟೊ, ಫುಲ್ ಓಟದ ಆರ್‌ಪಿಎಂ ಮೂರನ್ನೂ ಕಳಿಸಿ. ಉಳಿದ ಲೆಕ್ಕವನ್ನು ಮುಂದಿನ ಸಂಚಿಕೆಯಲ್ಲಿ ಒಟ್ಟಿಗೆ ಹಾಕೋಣ.